ಬಾಗಿಲಿಗೊಂದು ಕಲ್ಲು

ಮೂಡಲಪಾಳ್ಯದ ಈ ಮನೆಗೆ ಬಂದ ದಿನ ನಮ್ಮನ್ನು ಮೊದಲು ಮಾತಾಡಿಸಿದ್ದು ಬಾಗಿಲು. ಹಾಲು ಉಕ್ಕಿಸುವ ಪಾತ್ರೆ ಹಿಡಿದು ಮೆಟ್ಟಿಲು ಹತ್ತಿ ಬಂದ ಅವ್ವ ಹೊಸ್ತಿಲಿಗೆ ನಮಸ್ಕಾರ ಮಾಡಲು ಬಾಗಿದಳು. ಏಳುವಾಗ ಆಸರೆಗೆಂದು ಗೋಡೆಗೆ ಕೈ ಕೊಟ್ಟಳು. ಅಲ್ಲೊಂದು ಕಪ್ಪು ಫಲಕವಿತ್ತು. ಕೂಡಲೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ, ಕಿವಿ ಮಂದವಾದ ಅವ್ವನಿಗೂ ಕೇಳುವಷ್ಟು ಜೋರಾಗಿ, ನಿಮ್ಮ ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದಳು.

ಅವ್ವ ಹಿಂದೆ ಸರಿದು ನನ್ನ ಮುಖ ನೋಡಿದಳು. "ಒಳಗ ಯಾರದಾರ?"

"ಯಾರೂ ಇಲ್ಲವಾ. ಅದು ಕೀಲಿ."

"ಕೀಲಿ ಯಾಕ ಮಾತಾಡತೈತಿ?"

ಇಷ್ಟು ವರ್ಷ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಎಂದು ಸಂಬಳ ತೆಗೆದುಕೊಂಡಿದ್ದೇನೆ. ಅವತ್ತು ನಾನು ಮಾಡಿದ್ದು ನನ್ನ ಬೆರಳಿಟ್ಟು ಬಾಗಿಲು ತೆರೆದದ್ದಷ್ಟೇ.

ನಾನು ಗದಗಿನವಳು. ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದ್ದ ಯುಪಿಎಸ್ ಕಾರ್ಖಾನೆ ಮುಚ್ಚಿದ ಮೇಲೆ ರಾಜಾಜಿನಗರದ ಒಂದು ಸಣ್ಣ ಕಂಪನಿಗೆ ಸೇರಿದೆ. ಚಾರ್ಜರು, ಬ್ಯಾಟರಿಗಳನ್ನು ಬೇಕೆಂದೇ ಕೆಡಿಸಿ, ಎಷ್ಟು ಬಿಸಿಗೆ ಕೆಡುತ್ತವೆ, ಕೆಡುವಾಗ ಪಕ್ಕದಲ್ಲಿದ್ದುದನ್ನು ಏನು ಮಾಡುತ್ತವೆ ಎಂದು ನೋಡುವುದು ನನ್ನ ಕೆಲಸ. ಮದುವೆಯ ಗೋಜಿಗೆ ಹೋದವಳಲ್ಲ. ಗದಗಿನ ಮನೆಯಲ್ಲಿ ಅಣ್ಣ, ವೈನಿ, ಮಕ್ಕಳೆಲ್ಲ ಇದ್ದರೂ ಅವ್ವ "ನೀ ಒಬ್ಬಾಕಿ ಹೆಂಗಿರ್ತಿ" ಎಂದು ನನ್ನ ಹಿಂದೆಯೇ ಹೊರಟು ಬಂದಳು. ನಾನು ಬೇಡವೆನ್ನಲಿಲ್ಲ. ಒಬ್ಬಳೇ ಇರಲು ನನಗೂ ಹೆದರಿಕೆಯಿತ್ತು.

ನಮ್ಮ ಕಡೆ ಮಾಲಕರು ಅನ್ನುವವರಿಗೆ ಇಲ್ಲಿ ಓನರ್ರು ಅನ್ನುತ್ತಾರೆ. ನಮ್ಮ ಓನರ್ರು ನಂಜೇಗೌಡರು, ಅವರ ಹೆಂಡತಿ ಜಯಮ್ಮ. ಇದು ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವ ಮನೆತನ. ಈಗ ನಾವು ಮಲಗುವ ಕೋಣೆಯ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ಹೊಲ ಹೋಗಿ ಸೈಟುಗಳಾಗಿ, ಸೈಟಿನ ಮೇಲೆ ಮಹಡಿಗಳೆದ್ದವು. ಕೆಳಗೆ ಅವರೇ ಇದ್ದಾರೆ. ಮೊದಲ ಮಹಡಿಯಲ್ಲಿ ನಾವು, ಮೇಲಿನ ಮನೆಗಳಲ್ಲಿ ಕೊಪ್ಪಳ, ಯಾದಗಿರಿ ಕಡೆಯಿಂದ ಬಂದು ಊಟ ತಲುಪಿಸುವ ಕೆಲಸ ಮಾಡುವ ಹುಡುಗರು. ಬಂದ ವಾರವೇ ಜಯಮ್ಮ ಬಸ್ಸಾರು ಕೊಟ್ಟರು, ಸೊಪ್ಪು ಬೇಳೆ ಬೇಯಿಸಿ ಬಸಿದ ಕಟ್ಟಿನಿಂದ ಮಾಡುವ ಸಾರು ಅದು. ಅವ್ವ ಅದಕ್ಕೆ ರೊಟ್ಟಿ ಅದ್ದಿಕೊಂಡು ತಿಂದಳು. ಜಯಮ್ಮ ನೋಡಿ, "ಅಯ್ಯೋ ಅಮ್ಮಾ, ಮುದ್ದೆ ಜೊತೆ ತಿನ್ಬೇಕು ಇದನ್ನ" ಎಂದು ನಕ್ಕರು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತಿತ್ತು, ಆದರೂ ಸ್ನೇಹವಾಯಿತು. ಹೊಸಹಳ್ಳಿ ಮೆಟ್ರೋ ಮೆಟ್ಟಿಲ ಬಳಿ ಮೇಲಿನ ಮನೆಯ ಹುಡುಗನೊಬ್ಬ "ಅಕ್ಕಾರ, ಆರಾಮದೀರಿ?" ಎಂದು ಕೂಗಿದ ದಿನ ನನಗೆ ಊರು ಗೆದ್ದಷ್ಟು ಖುಷಿಯಾಗಿತ್ತು.

ಬಾಗಿಲು ಮಾತ್ರ ಒಗ್ಗಲಿಲ್ಲ. ಗದಗಿನಲ್ಲಿ ನಮ್ಮ ತಲಬಾಗಿಲು ಬೆಳಗ್ಗೆ ತೆರೆದರೆ ರಾತ್ರಿ ಮಲಗುವಾಗ ಮುಚ್ಚುವುದು. ಹಗಲು ಹೊತ್ತು ಬಾಗಿಲು ಹಾಕಿದ್ದರೆ ಓಣಿಯವರು ಯಾರಿಗೆ ಏನಾಯಿತೆಂದು ಕೇಳಿಕೊಂಡು ಬರುತ್ತಾರೆ. ಇಲ್ಲಿ ಬಾಗಿಲನ್ನು ನಾವು ಹಾಕುವುದೂ ಬೇಡ. ಕೈಬಿಟ್ಟರೆ ತಾನೇ ಸರಿದು ಬಂದು ಕೂರುತ್ತದೆ, ಮೇಲಿನಿಂದ ಒಂದು ಉಕ್ಕಿನ ಗೂಟ ಠಕ್ಕೆಂದು ಇಳಿಯುತ್ತದೆ. ಹೊರಗಿನವರಿಗೆ ಬೆರಳು ಇಡುವ ಫಲಕ, ಒಳಗಿನವರಿಗೆ ಒತ್ತುವ ಒಂದು ಬಟನ್. ಹಗಲಿನಲ್ಲೂ ಕತ್ತಲಾಗಿರುವ ಮೆಟ್ಟಿಲ ಬಳಿ ಎಲ್ಲ ಬಾಗಿಲುಗಳ ಕೆಂಪು ದೀಪ ಉರಿಯುತ್ತಿರುತ್ತದೆ. ಅದನ್ನು ದಾಟಿ ಬರುವಾಗ ಯಾರೋ ಕಣ್ಣು ಬಿಟ್ಟುಕೊಂಡು ಕೂತಿದ್ದಾರೆ ಅನಿಸಿ ನಾನು ಬೇಗ ಬೇಗ ಹತ್ತುತ್ತಿದ್ದೆ.

ಅವ್ವನ ಬೆರಳನ್ನು ಆ ಫಲಕ ಒಂದು ದಿನವೂ ಒಪ್ಪಲಿಲ್ಲ. ರೊಟ್ಟಿ ತಟ್ಟಿ, ಪಾತ್ರೆ ತಿಕ್ಕಿ ಸವೆದ ಬೆರಳು ಅದು, ಗೆರೆಗಳೇ ಉಳಿದಿಲ್ಲ. ನಾನು ಬಟನ್ ಒತ್ತಿ ಆಫೀಸಿಗೆ ಹೊರಟಾಗ ಜೊತೆಗೇ ತರಕಾರಿಗೆ ಕೆಳಗೆ ಇಳಿದವಳು ನಾನು ತಿರುಗಿ ಬರುವವರೆಗೆ ಜಯಮ್ಮನ ಜಗಲಿಯಲ್ಲಿ ಕೂತಿರುತ್ತಿದ್ದಳು. ಬೆರಳನ್ನು ಸೆರಗಿಗೆ ಒರೆಸುವುದು, ಇಡುವುದು, ಆ ಹೆಂಗಸಿನ ದನಿ ಕೇಳುವುದು, ಮತ್ತೆ ಒರೆಸುವುದು. ಕೊನೆಗೆ ನಾನೇ ಬಂದು ನನ್ನ ಬೆರಳಿಡುತ್ತಿದ್ದೆ.

ಉಪಕರಣಗಳ ಬಗ್ಗೆ ನನ್ನದೊಂದೇ ಪ್ರಶ್ನೆ. ಇದು ಕೆಟ್ಟಾಗ ಏನಾಗುತ್ತದೆ? ಅಂಗಡಿಯವರು ನಡೆಯುವಾಗ ಏನಾಗುತ್ತದೆ ಎಂದಷ್ಟೇ ತೋರಿಸುತ್ತಾರೆ. ಮಿಕ್ಸರ್ ಕೆಟ್ಟರೆ ಚಟ್ನಿ ತಪ್ಪುತ್ತದೆ, ಅಷ್ಟೇ. ಈಗ ಬರುವ ಟಿವಿ ನೆಟ್‌ವರ್ಕ್ ಇಲ್ಲದಿದ್ದರೆ ಸುದ್ದಿಯನ್ನೂ ತೋರಿಸುವುದಿಲ್ಲ. ನೀರು ಶುದ್ಧ ಮಾಡುವ ಯಂತ್ರ ತನ್ನ ಲೆಕ್ಕದಲ್ಲಿ ಫಿಲ್ಟರಿನ ಆಯುಷ್ಯ ಮುಗಿಯಿತೆಂದು ನಲ್ಲಿಯನ್ನೇ ಬಂದ್ ಮಾಡುತ್ತದೆ. ಮೊಬೈಲಿನ ಹಿಂಬದಿಯನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಬ್ಯಾಟರಿ ಕೆಟ್ಟು ಉಬ್ಬಿದರೂ ತೆಗೆಯುವಂತಿಲ್ಲ. ಅವ್ವನ ಹಳೆಯ ಮೊಬೈಲು ಹಾಗೇ ಹಪ್ಪಳದ ಹಾಗೆ ಉಬ್ಬಿತ್ತು. ಅಂಥದ್ದಕ್ಕೆ ಬಿಸಿ ತಾಗಿದರೆ ಏನಾಗುತ್ತದೆಂದು ನಾನು ದಿನಾ ಆಫೀಸಿನಲ್ಲಿ ನೋಡುತ್ತೇನೆ. ಅದಕ್ಕೆ ಅದನ್ನು ಬಾಲ್ಕನಿಯಲ್ಲಿ ಒಂದು ತಗಡಿನ ಡಬ್ಬಿಗೆ ಹಾಕಿ, ಮುಟ್ಟಬೇಡವೆಂದು ಅವ್ವನಿಗೆ ಹೇಳಿ ಇಟ್ಟಿದ್ದೆ.

ಕೀಲಿಯ ಬಗ್ಗೆಯೂ ಗೌಡರನ್ನು ಮೊದಲೇ ಕೇಳಿದ್ದೆ.

"ಕರೆಂಟು, ಬ್ಯಾಟರಿ ಎರಡೂ ಹೋದರೆ ಬಾಗಿಲು ತೆರೆದುಕೊಳ್ಳುತ್ತೋ, ಮುಚ್ಚಿಕೊಂಡೇ ಇರುತ್ತೋ?"

"ಮುಚ್ಕೊಂಡೇ ಇರುತ್ತೆ ಮೇಡಂ. ನಾನೇ ಅಂಥದ್ದೇ ಹಾಕು ಅಂದೆ. ಕರೆಂಟ್ ಹೋದಾಗೆಲ್ಲಾ ತೆಕ್ಕೊಂಡ್ರೆ ಕಳ್ಳರಿಗೆ ಹಬ್ಬ ಅಲ್ವಾ?"

"ಒಳಗಿರೋರು?"

"ಒಂದೊಂದು ಬಾಗಲಿಗೂ ಒಂದೊಂದು ಕೀ ಕೊಟ್ಟಿದೀನಲ್ಲ. ಹೊರಗಿಂದ ತೆಗೀಬೋದು. ಇನ್ನೊಂದು ನನ್ ಹತ್ರ ಇಟ್ಕೊಂಡಿಲ್ಲ, ನಾಳೆ ನಮ್ ಮೇಲೆ ಅನುಮಾನ ಬರಬಾರ್ದು ನೋಡಿ."

ಅವರ ಮಾತಿನಲ್ಲಿ ತಪ್ಪೇನೂ ಕಾಣಲಿಲ್ಲ. ಹಿಂದಿನ ರಸ್ತೆಯಲ್ಲಿ ಕಳವಾಗಿತ್ತು, ಅವರಿಗೆ ಹೆದರಿಕೆಯಿತ್ತು. ಒಳಗಿನವರನ್ನು ಯಾವ ಕೀಲಿಯೂ ತಡೆಯಬಾರದು ಎಂದೆ. "ಆಯ್ತು ಮೇಡಂ, ನೋಡೋಣ" ಎಂದರು. ಇರುವುದೊಂದೇ, ಅವ್ವ ಎಲ್ಲಾದರೂ ಕಳೆದಾಳೆಂದು ನಾನು ಆ ಕೀಲಿಕೈಯನ್ನು ಪರ್ಸಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದೆ.

ನಮ್ಮಲ್ಲಿ ಖಂಡೇನವಮಿ ಅನ್ನುವುದು ಇಲ್ಲಿ ಆಯುಧಪೂಜೆ. ಅಲ್ಲಿ ಕುಡಗೋಲು, ತಕ್ಕಡಿ, ಮಗ್ಗದ ಲಾಳಿ. ಇಲ್ಲಿ ಬಸ್ಸು, ಆಟೋ, ಲೇತ್ ಮಷೀನು, ಕಂಪ್ಯೂಟರು, ಎಲ್ಲಕ್ಕೂ ಚೆಂಡು ಹೂವಿನ ಹಾರ. ಒಂದು ಪದ್ಧತಿ ಮಾತ್ರ ಎರಡೂ ಕಡೆ ಒಂದೇ. ಪೂಜೆಗಿಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವುದಿಲ್ಲ. ಅವತ್ತು ಹುಡುಗರೆಲ್ಲ ಊರಿಗೆ ಹೋಗಿ ಮೇಲಿನ ಮನೆಗಳು ಖಾಲಿಯಾಗಿದ್ದವು. ಮೆಟ್ಟಿಲ ಬಳಿ ಸದ್ದೇ ಇರಲಿಲ್ಲ, ಕೆಂಪು ದೀಪಗಳಷ್ಟೇ ಇದ್ದವು. ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅವ್ವ ದೇವರ ಮುಂದಿನ ಮಣೆಯ ಮೇಲೆ ಬಟ್ಟೆ ಹಾಸಿ ಎಲ್ಲ ಜೋಡಿಸಿ ಪೂಜೆ ಮುಗಿಸಿದ್ದಳು. ಅಡ್ಡ ಬಂದ ಹೂವಿನ ರಾಶಿಯಲ್ಲಿ ನನಗೆ ಕಂಡದ್ದು ಈಳಿಗೆ, ಕತ್ತರಿ, ನನ್ನ ಮಲ್ಟಿಮೀಟರು, ಬೆಸುಗೆ ಕಡ್ಡಿ. ಮಣೆಯ ಅಂಚಿನಲ್ಲಿ ಎಣ್ಣೆ ದೀಪ ಉರಿಯುತ್ತಿತ್ತು.

ಅಷ್ಟರಲ್ಲಿ ಜಯಮ್ಮ ತಟ್ಟೆ ಹಿಡಿದು ಬಂದು ಪ್ರತಿ ಮನೆಯ ಹೊಸ್ತಿಲಿಗೆ ಅರಿಶಿನ ಕುಂಕುಮ ಇಡತೊಡಗಿದ್ದರು. "ಇದೂ ಒಂದು ಮಿಷನ್ನೇ ಅಲ್ವಾ" ಎಂದು ಬಾಗಿಲ ಫಲಕಕ್ಕೂ ಅರಿಶಿನದ ನೀರು ಚಿಮುಕಿಸಿ, ಮೂರು ಬೆರಳಿನಿಂದ ಗಂಧ ಎಳೆದರು. ಮೇಡಂ, ಕೆಳಗೆ ಬನ್ನಿ, ನಿಮ್ಮ ಸ್ಕೂಟರಿಗೂ ನಿಂಬೆಹಣ್ಣು ಇಟ್ಟಿದ್ದೀನಿ ಎಂದು ಕರೆದರು. ಪರ್ಸು ಹಿಡಿದು ನಾನು ಹೊರಟೆ. ಹಿಂದೆ ಬಾಗಿಲು ಠಕ್ಕೆಂದು ಕೂತಿತು.

ಸ್ಕೂಟರು ನಿಂಬೆಹಣ್ಣಿನ ಮೇಲೆ ಹಾಯಿಸಿ, ಗೌಡರ ಪಡಸಾಲೆಗೆ ಬಂದೆ. ಅಲ್ಲಿ ಅವರ ಅಪ್ಪನ ಕಾಲದ ನೇಗಿಲ ಗುಳ, ಗುದ್ದಲಿ, ಒಂದು ಉದ್ದನೆಯ ಹಾರೆ. ಹೊಲವಿಲ್ಲದಿದ್ದರೂ ಅವು ವರ್ಷಕ್ಕೊಮ್ಮೆ ಅಟ್ಟದಿಂದ ಇಳಿಯುತ್ತವೆ. ಕೈಗೆ ಪ್ರಸಾದ ಬಂತು. ಆಗ ಮೂಗಿಗೆ ಒಂದು ವಾಸನೆ ಬಡಿಯಿತು. ಸಿಹಿ ಮಿಶ್ರವಾದ, ಗಂಟಲು ಹಿಡಿಯುವ ವಾಸನೆ. ಊದುಬತ್ತಿಯದಲ್ಲ, ಕರ್ಪೂರದ್ದೂ ಅಲ್ಲ. ದಿನವೂ ಆಫೀಸಿನಲ್ಲಿ ಗಾಜಿನ ಹಿಂದೆ ನಿಂತು ನೋಡುವ ವಸ್ತುವಿನ ವಾಸನೆ ಅದು. ಅವ್ವ ಡಬ್ಬಿಯಿಂದ ಆ ಮೊಬೈಲು ತೆಗೆದು ಮಣೆಯ ಮೇಲಿಟ್ಟಿದ್ದಾಳೆ ಎಂದು ಹೇಗೋ ಹೊಳೆಯಿತು. ಅದೂ ಇಷ್ಟು ವರ್ಷ ದುಡಿದಿದೆಯಲ್ಲ, ಅದಕ್ಕೂ ಒಂದು ಹೂವು.

ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ಫಲಕದ ಕೆಂಪು ದೀಪ ಆರಿತ್ತು. ಬೆರಳಿಟ್ಟರೆ ಆ ಹೆಂಗಸು ಮಾತಾಡಲಿಲ್ಲ. ಅರಿಶಿನದ ನೀರು ಒಳಗಿಳಿದು ಒಳಗಿನ ಬಟನ್ನೂ ಸೇರಿ ಎಲ್ಲ ಸುಟ್ಟಿತ್ತು, ಗೂಟ ಮಾತ್ರ ಇಳಿದ ಜಾಗದಲ್ಲೇ ಇತ್ತು. ಪರ್ಸಿಗೆ ಕೈ ಹಾಕಿದೆ. ಕೀಲಿಕೈ ಇರಲಿಲ್ಲ. ಅದೂ ಕಬ್ಬಿಣದ್ದಲ್ಲವೇ, ಅದನ್ನೂ ಅವ್ವ ಪೂಜೆಗಿಟ್ಟಿದ್ದಳು. ಪಕ್ಕದ ಕಿಟಕಿಗೆ ಕಬ್ಬಿಣದ ಸರಳು, ಒಳಗಿನಿಂದ ಸರಿಸುವ ಸೊಳ್ಳೆ ಪರದೆ, ಮಬ್ಬು ಗಾಜು. ಗಾಜಿನಾಚೆ ಹೊಗೆ, ಹೊಗೆಯಲ್ಲಿ ಬಾಗಿಲಿಗೆ ಒತ್ತಿ ನಿಂತ ಅವ್ವನ ನೆರಳು.

"ಯವ್ವಾ! ಚಾವಿ! ಚಾವಿ ಈಚೆ ಕೊಡ!" ಎಂದು ಗಾಜು ಬಡಿದೆ. ಅವಳಿಗೆ ಕೇಳಿಸಲಿಲ್ಲ. ನೆರಳು ಕಿಟಕಿಯತ್ತ ತಿರುಗಲೂ ಇಲ್ಲ.

ಹಿಂದೆ ಗೌಡರು ಬಂದಿದ್ದರು. ಕೀಲಿ ಹಾಕಿದವನಿಗೆ ಫೋನು ಹಚ್ಚಿದರು. "ಸಾರ್, ಇವತ್ತು ಟೂಲ್ಸೆಲ್ಲಾ ಪೂಜೆಗಿಟ್ಟಿದೀವಿ, ನಾಳೆ ಬರ್ತೀವಿ" ಎಂದ ಅವನ ದನಿ ನನಗೂ ಕೇಳಿಸಿತು. ಗೌಡರು ಫೋನನ್ನು ಮೆಟ್ಟಿಲ ಮೇಲೆ ಎಸೆದು ಕೆಳಗೆ ಓಡಿದರು. ತಿರುಗಿ ಬಂದಾಗ ಕೈಯಲ್ಲಿ ಆ ಹಾರೆ, ಅದರ ಕುತ್ತಿಗೆಯಲ್ಲಿ ಇನ್ನೂ ಚೆಂಡು ಹೂವು.

"ರೀ, ಪೂಜೆಗಿಟ್ಟಿರೋದು ಕಣ್ರೀ ಅದು!" ಎಂದು ಜಯಮ್ಮ ಕೆಳಗಿನಿಂದ ಕೂಗಿದರು.

"ಅಮ್ಮನ ಜೀವ ಹೋಗ್ತಾ ಇದೆ ಕಣೇ, ಸುಮ್ನಿರು!"

ಹಾರೆಯನ್ನು ಚೌಕಟ್ಟಿನ ಸಂದಿಗೆ ಹಾಕಿ ಮೀಟಿದರು. ಮೊದಲ ಸಲ ಬಾಗಿಲು ಕಿರುಗುಟ್ಟಿತಷ್ಟೇ. ನಾನೂ ಹಾರೆಗೆ ಜೋತುಬಿದ್ದೆ. ಮರ ಸೀಳಿ, ಗೂಟ ಕಿತ್ತು, ಬಾಗಿಲು ತೆರೆದುಕೊಂಡಿತು. ಹೊಗೆಯ ಜೊತೆ ಅವ್ವ ನನ್ನ ಮೇಲೆ ಒರಗಿದಳು. ದೇವರ ಮಣೆ ಉರಿಯುತ್ತಿತ್ತು. ಗೌಡರು ಬಕೆಟ್ ಬಕೆಟ್ ನೀರು ಸುರಿದು ಆರಿಸಿದರು. ಬೂದಿಯಲ್ಲಿ ಕೀಲಿಕೈ ಕಪ್ಪಗೆ ಬಿದ್ದಿತ್ತು, ಹಚ್ಚಿದ ಕುಂಕುಮವೂ ಸುಟ್ಟುಹೋಗಿತ್ತು.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ತೆಗೆದ ಮೇಲೆ ಅವ್ವನನ್ನು ಕೇಳಿದೆ, ಚಾವಿ ಯಾಕೆ ಕಿಟಕಿಯಿಂದ ಹಾಕಲಿಲ್ಲ ಎಂದು.

"ಪೂಜೆಗಿಟ್ಟದ್ದು, ಹೆಂಗ ಮುಟ್ಟಲವಾ? ಅದಕ್ಕ ಆ ಬಟನ್ ಒತ್ತಿದೆ. ಒತ್ತಿದೆ, ಸೆರಗಿಗೆ ಒರೆಸಿ ಮತ್ತ ಒತ್ತಿದೆ. ನನ್ನ ಬೆರಳ ಅದು ಎಂದರ ಒಪ್ಪೇತೇನ? ಇವತ್ತೂ ಒಪ್ಪಲಿಲ್ಲ."

ಒಳಗಿನ ಬಟನ್ ಯಾರ ಗುರುತನ್ನೂ ಕೇಳುವುದಿಲ್ಲ, ಅದನ್ನು ಯಾರು ಒತ್ತಿದರೂ ಒಂದೇ ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಹೇಳಬೇಕಾದ ಸಂಗತಿ ಅಂತಲೂ ಅನಿಸಿರಲಿಲ್ಲ. ಹೊಗೆ ತುಂಬಿದ ಕೋಣೆಯಲ್ಲಿ ನಿಂತು, ಬಾಗಿಲು ತೆರೆಯದಿರುವುದು ತನ್ನ ಬೆರಳಿನ ದೋಷ ಎಂದುಕೊಂಡಿದ್ದಳು ಅವ್ವ. ನಾನು ಹೊರಗೆ ಹೋಗಿ ಅತ್ತೆ. ಕಾರಿಡಾರಿನ ಬೆಂಚಿನ ಮೇಲೆ ಗೌಡರು ಕೂತಿದ್ದರು. "ಅವತ್ತೇ ಹೇಳಿದ್ರಿ ಅಲ್ವಾ ಮೇಡಂ, ಒಳಗಿರೋರನ್ನ ತಡೀಬಾರ್ದು ಅಂತ" ಎಂದರು. ನನ್ನ ಮಾತು ನಿಜವಾದದ್ದಕ್ಕೆ ನನಗೆ ಯಾವ ಸಮಾಧಾನವೂ ಇರಲಿಲ್ಲ.

ಈಗ ನಮ್ಮ ಬಾಗಿಲಿಗೆ ಸಾದಾ ಚಿಲಕವಿದೆ. ಮೇಲಿನ ಮನೆಗಳಲ್ಲಿ ಕೆಂಪು ದೀಪ ಹಾಗೇ ಉರಿಯುತ್ತಿದೆ, ಹುಡುಗರಿಗೆ ಅದೇ ಅನುಕೂಲವಂತೆ. ರಸ್ತೆಯ ಕೊನೆಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಗೇಟಿಗೆ ಮುಖ ನೋಡಿ ತೆರೆಯುವ ಯಂತ್ರ ಬರುತ್ತದಂತೆ. ಮುಖವೂ ಸವೆಯುತ್ತದೆ, ಆಗ ಅದು ಏನು ಹೇಳೀತು ಎಂದು ಯೋಚಿಸುತ್ತೇನೆ. ನಾನು ಈ ಊರು ಬಿಡಲಾರೆ. ಅನ್ನ ಇಲ್ಲಿದೆ, ನನ್ನ ತಾಯಿಗಾಗಿ ಪೂಜೆಯ ಹಾರೆ ಎತ್ತಿದ ಮನುಷ್ಯ ಇಲ್ಲಿದ್ದಾನೆ. ಅವ್ವ ಮಾತ್ರ ಚಿಲಕವನ್ನೂ ನಂಬುವುದಿಲ್ಲ. ಹಗಲೆಲ್ಲ ಬಾಗಿಲು ತೆರೆದು, ಅದು ಸರಿದು ಬರದಂತೆ ಜಯಮ್ಮನ ಹಳೆಯ ರುಬ್ಬುಗುಂಡನ್ನು ಅಡ್ಡ ಇಟ್ಟುಕೊಂಡು ಕೂರುತ್ತಾಳೆ.

ಕಳೆದ ಯುಗಾದಿಗೆ ಗದಗಿಗೆ ಹೋಗಿದ್ದೆವು. ಓಣಿಯ ಹೆಂಗಸರು ಬಂದು ಹೋದರು, ತಲಬಾಗಿಲು ಎಂದಿನಂತೆ ಹಾರುಹೊಡೆದಿತ್ತು. ಅಡುಗೆ ಮನೆಯಲ್ಲಿ ವೈನಿಯ ಜೊತೆ ಮಾತಾಡುತ್ತಿದ್ದರೂ ನನ್ನ ಕಿವಿ ಆ ಠಕ್ ಸದ್ದಿಗೆ ಕಾಯುತ್ತಿತ್ತು. ಹೊರಗೆ ಬಂದು ನೋಡಿದರೆ ಅವ್ವ ಹಿತ್ತಲಿನಿಂದ ಒಂದು ಕಲ್ಲನ್ನು ಎರಡೂ ಕೈಯಲ್ಲಿ ಹೊತ್ತು ತರುತ್ತಿದ್ದಳು.

"ಇಲ್ಲೆ ಯಾಕವಾ? ಈ ಬಾಗಲಾ ಯಾರ ಹಾಕ್ತಾರ?" ಎಂದೆ.

ಅವಳಿಗೆ ಕೇಳಿಸಿತೋ ಇಲ್ಲವೋ. ತಾನು ಮದುವೆಯಾಗಿ ಬಂದಂದಿನಿಂದ ಹಗಲು ಹೊತ್ತು ಒಮ್ಮೆಯೂ ಮುಚ್ಚದ ಬಾಗಿಲಿಗೆ ಕಲ್ಲನ್ನು ಒತ್ತಿ ಇಟ್ಟಳು, ಅಲ್ಲಾಡಿಸಿ ನೋಡಿದಳು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಅದರ ಪಕ್ಕದಲ್ಲೇ ಕೂತಳು.