ಮಾವನ ಕೊರಿಯನ್ ಭಾಷಾಂತರ

ನಮ್ಮ ಸೋದರಮಾವ ಫೌಜಿನಲ್ಲಿದ್ದಾಗ ಕೊರಿಯಾ ಯುದ್ಧಕ್ಕೆ ಹೋಗಿದ್ದನಂತೆ. ಅಲ್ಲಿನ ದೊಡ್ಡ ದೊಡ್ಡ ಸೇನಾಪತಿಗಳು ಇವನನ್ನು ಕೇಳದೆ ಹೆಜ್ಜೆ ಇಡುತ್ತಿರಲಿಲ್ಲವಂತೆ. ನಮ್ಮ ಗಡಿಯೂರು ಖಾನಾಪುರದಲ್ಲಿ ಇದನ್ನು ನಂಬುವವನು ಒಬ್ಬನೇ ಇದ್ದ, ಅವನೇ ಮಾವ. "ಇವ್ರು ಪುಣೆನರ ದಾಟ್ಯಾರೋ ಇಲ್ಲೋ ಆ ದೇವರಿಗೇ ಗೊತ್ತು," ಎಂಬ ಮಾತನ್ನು ಅತ್ತೆ ಬಂದವರಿಗೆಲ್ಲ ಚಹಾದ ಜೊತೆ ಕೊಡುತ್ತಿದ್ದಳು.

ಎಂಬತ್ತರ ದಶಕದ ನಡುವೆ ಒಂದು ಭಾನುವಾರ, ನಾನು ಬೆಳಗಾವಿಯ ಕ್ಯಾಂಪ್ ಬಡಾವಣೆಯ ಅಂಗಡಿಯಿಂದ ವಿಸಿಆರ್ ಬಾಡಿಗೆಗೆ ತಂದೆ. ಬಡಿದಾಟದ ಸಿನಿಮಾ ಕೇಳಿದರೆ ಅಂಗಡಿಯವ ಕೊರಿಯಾದ್ದೊಂದನ್ನು ಕೈಗಿಟ್ಟಿದ್ದ. ಹಳೇ ಕಾಲದ ಸೇನಾಪತಿಯೊಬ್ಬನ ಸಮುದ್ರಯುದ್ಧದ ಕಥೆ, ಒಂದಕ್ಷರ ಇಂಗ್ಲಿಷೂ ಇಲ್ಲ. ಮನೆ ತುಂಬ ಕೂತಿದ್ದ ಓಣಿಯ ಜನ ಮಾವನ ಕಡೆ ತಿರುಗಿದರು.

"ಈಗರ ಹೇಳ್ರಿ, ಏನಂತಾರ ಅವರು?" ಅತ್ತೆಗೆ ಹಬ್ಬ.

ಮಾವ ಜಗ್ಗಲಿಲ್ಲ. ಕುರ್ಚಿಯನ್ನು ಟಿವಿಯ ಬಾಜೂಕೆ ಎಳೆದುಕೊಂಡು ಎಡಗಡೆಯವರಿಗೆ ಕನ್ನಡದಲ್ಲಿ, ಬಲಗಡೆಯವರಿಗೆ ಮರಾಠಿಯಲ್ಲಿ ಶುರು ಮಾಡಿದ. ಖಾನಾಪುರದಲ್ಲಿ ಯಾವುದನ್ನೂ ಒಂದೇ ಸಲ ಹೇಳಿ ಮುಗಿಸುವಂತಿಲ್ಲ. ರಾಜ ಕೂಗಾಡಿದ. "ಸೇನಾಪತಿನ ಹಿಡೀರಿ ಅಂತಾನ," ಎಂದ ಮಾವ. ಅಷ್ಟೊತ್ತಿಗೆ ಸೇನಾಪತಿಯ ಕೈಗೆ ಹಗ್ಗ ಬಿಗಿದಾಗಿತ್ತು. ಸೇನಾಪತಿಯ ಹೆಂಡತಿ ಅತ್ತಳು. "ಅಳಾಕತ್ತಾಳ," ಎಂದ. ಆಹಾ, ಎಂಥ ಪಾಂಡಿತ್ಯ! ಮರಾಠಿಯಲ್ಲಿ ಆ ಅಳು ಇನ್ನೂ ಉದ್ದವಾಯಿತು. ನಮಗೆ ಕಡಿಮೆ ಹೇಳಿದ ಎಂದು ಎಡಗಡೆಯವರು ತಕರಾರು ತೆಗೆದರು. ನಾನು ನಕ್ಕು ನಕ್ಕು ಗೋಡೆಗೆ ಒರಗಿದೆ.

ಹಡಗುಗಳು ಹೊತ್ತಿ ಉರಿದವು. ದಂಡೆಯ ಮೇಲೆ ಎಳೆಯ ಸೈನಿಕನೊಬ್ಬ ಹೊಟ್ಟೆ ಹಿಡಿದುಕೊಂಡು ಬಿದ್ದು ಒಂದೇ ಮಾತನ್ನು ಮತ್ತೆ ಮತ್ತೆ ಗೊಣಗುತ್ತಿದ್ದ. ಮಾವ ಭಾಷಾಂತರ ಬಿಟ್ಟು ಟಿವಿಯತ್ತ ಬಾಗಿದ.

"ಯಾಕ್ರಿ ಪಂಡಿತರ, ಮರತ್ರೇನು?" ಅತ್ತೆ ಕೆಣಕಿದಳು.

"ನೀರು," ಎಂದ ಮಾವ. ಮರಾಠಿಯವರ ಕಡೆ ತಿರುಗಲಿಲ್ಲ. ಅಷ್ಟರಲ್ಲಿ ಸಿನಿಮಾದಲ್ಲಿ ಇನ್ನೊಬ್ಬ ಬೊಗಸೆಯಲ್ಲಿ ನೀರು ತಂದು ಆ ಹುಡುಗನ ಬಾಯಿಗೆ ಹಿಡಿದ.

"ಕೊರಿಯಾದಾಗ ಸೇನಾಪತಿ ಗೀನಾಪತಿ ಯಾರನ್ನೂ ನಾ ಕಂಡಿಲ್ಲ. ಗಾಯ ಆದವರನ್ನ ಸ್ಟ್ರೆಚರ್ ಮ್ಯಾಲೆ ಹೊರತಿದ್ದೆ. ಅವರ ಭಾಷಾದಾಗ ನನಗ ಬರೂದು ಇದೊಂದ ಮಾತು."

ನಾನು ಗೋಡೆ ಬಿಟ್ಟು ನೆಟ್ಟಗೆ ಕೂತೆ. ಅತ್ತೆ ಅವನ ಹತ್ತಿರ ಬಂದು ಕೂತಳು. "ಇಷ್ಟ ವರ್ಷ ಇದನ್ಯಾಕ ಹೇಳಲಿಲ್ರಿ?"

"ಹೊಟ್ಟಿಗೆ ಗುಂಡು ಬಿದ್ದವರಿಗೆ ನೀರು ಕೊಡಬ್ಯಾಡ್ರಿ ಅಂತ ಹುಕುಂ ಇತ್ತು," ಎಂದ ಮಾವ. "ಸೊಂಟದಾಗ ಬಾಟ್ಲಿ ತುಂಬಿ ಇರತಿತ್ತು. ನಾ ಕೊಡಲಿಲ್ಲ."