ನೀರು ಬೇಕಾ?

ನಾನು ಜಗಳೂರಿನ ಕಡೆಯವಳು. ನಮ್ಮಲ್ಲಿ ಮನೆಗೆ ಬಂದವರಿಗೆ ಕೂರಲು ಹೇಳುವ ಮೊದಲೇ “ನೀರು ಬೇಕಾ?” ಎಂದು ಕೇಳಬೇಕು, ಇಲ್ಲದಿದ್ದರೆ ಮನೆಯ ಮರ್ಯಾದೆ ಹೋದಂತೆ. ಎಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ನ್ಯಾಮತಿಗೆ ಬಂದಾಗ ಆ ಅಭ್ಯಾಸವನ್ನೂ ಜೊತೆಗೆ ತಂದಿದ್ದೆ. ಅದು ನನ್ನ ಮಗಳಿಗೂ ಬಂದಿದೆ ಅಂದುಕೊಂಡೆವು.

ಅವಳಿಗೆ ಆಗ ಎರಡು ತುಂಬಿ ಮೂರು ನಡೆಯುತ್ತಿತ್ತು. ಕರೆದರೆ ತಿರುಗುತ್ತಿರಲಿಲ್ಲ, ಮುಖ ಕೊಟ್ಟು ನೋಡುತ್ತಿರಲಿಲ್ಲ. ಬಾಗಿಲ ಚಿಲಕವನ್ನು ಆಡಿಸುತ್ತ ಹೊತ್ತು ಕಳೆಯುತ್ತಿದ್ದಳು. ಮಾತು ಬರಲೆಂದು ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಯಿತು. “ಅವರಪ್ಪನೂ ತಡವಾಗೇ ಮಾತಾಡಿದ್ದು” ಎಂಬ ಸಮಾಧಾನ ಕೇಳಿ ಕೇಳಿ ನನಗೆ ಮೈ ಉರಿಯುತ್ತಿತ್ತು. ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: “ನೀರು ಬೇಕಾ?”

ಬಂದವರಿಗೆಲ್ಲ ಅದು ಮುದ್ದು. “ಎಷ್ಟು ಮರ್ಯಾದೆ ಕಲ್ತೈತೆ ನೋಡ್ರಿ ಕೂಸು! ಬ್ಯಾಡವ್ವ, ಬ್ಯಾಡ” ಎಂದು ಗಲ್ಲ ಹಿಂಡುತ್ತಿದ್ದರು. ಮರುಕ್ಷಣ ಅವಳು ಕಿರುಚಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಹಠಮಾರಿ ಅನ್ನುತ್ತಿದ್ದರು. ನಾನು ತಲೆಗೂ ಗೋಡೆಗೂ ನಡುವೆ ಕೈಯಿಟ್ಟು ಕೂರುತ್ತಿದ್ದೆ.

ಒಂದು ಬೇಸಿಗೆಯ ಮಧ್ಯಾಹ್ನ ಅವಳು ನೀರಿನ ಕೊಡದ ಮುಂದೆ ನಿಂತು, ತುಟಿ ಒಣಗಿಸಿಕೊಂಡು, ತನ್ನಷ್ಟಕ್ಕೆ ಹೇಳುತ್ತಿದ್ದಳು: “ನೀರು ಬೇಕಾ? ಬ್ಯಾಡವ್ವ, ಬ್ಯಾಡ.” ಲೋಟ ತುಂಬಿ ಕೊಟ್ಟೆ. ಗಟಗಟ ಕುಡಿದಳು. ಆಗ ನನಗೆ ಹೊಳೆಯಿತು. ಅವಳು ಯಾರನ್ನೂ ಉಪಚರಿಸುತ್ತಿರಲಿಲ್ಲ. ನೀರು ಸಿಗುವ ಮುನ್ನ ಕಿವಿಗೆ ಬೀಳುತ್ತಿದ್ದ ಮಾತನ್ನೇ ನೀರು ಕೇಳುವ ಮಾತು ಅಂದುಕೊಂಡಿದ್ದಳು. ಬಾಯಾರಿ ಕೇಳಿದ ಕೂಸಿಗೆ ನಾವೆಲ್ಲ ನಗುನಗುತ್ತ ಬೇಡ ಅಂದಿದ್ದೆವು.

ದಾವಣಗೆರೆಯಲ್ಲಿ ಮಕ್ಕಳಿಗೆ ಮಾತು ಕಲಿಸುವ ಮೇಡಂ ಒಬ್ಬರಿದ್ದಾರೆಂದು ಕೇಳಿ ಗಂಡನೂ ನಾನೂ ಅವಳನ್ನು ಕರೆದೊಯ್ದೆವು. ಅವರು ನೆಲದ ಮೇಲೆ ಕೂತು ಅವಳ ಜೊತೆ ಬಹಳ ಹೊತ್ತು ಆಡಿದರು. ಆಮೇಲೆ, “ಇದಕ್ಕೆ ಆಟಿಸಂ ಅಂತಾರಮ್ಮ” ಅಂದರು. “ದೊಡ್ಡವಳಾಗ್ಲಿ ಅಂತ ಕಾಯಬೇಡಿ, ಈಗಲೇ ಶುರು ಮಾಡಿ. ಇವಳನ್ನ ಪ್ರಶ್ನೆ ಕೇಳಬೇಡಿ. ಇವಳು ಹೇಳಬೇಕಾದ ಮಾತನ್ನ ನೀವೇ ಹೇಳಿ, ಆಮೇಲೆ ಕೊಡಿ.”

ಮನೆಗೆ ಬಂದು ತಿಳಿಸಿದರೆ ಅತ್ತೆ ಕೈಮುಗಿದರು. “ಆಟಿಸಮ್ಮನಾ? ಯಾವೂರ ಅಮ್ಮನೇ ಅದು? ಒಂದು ಹರಕೆ ಕಟ್ಕಂಡ್ರೆ ಆತು.” ನಗು ಬರಬೇಕಿತ್ತು, ನನಗೆ ಅಳು ಬಂತು.

ಅವತ್ತಿನಿಂದ ನಮ್ಮ ಮನೆಯಲ್ಲಿ ‘ಬೇಕಾ’ ಅನ್ನುವಂತಿಲ್ಲ. “ನೀರು ಬೇಕು” ಎಂದು ನಾನೇ ಹೇಳಿ ಅವಳ ಕೈಗೆ ಲೋಟ ಕೊಡುತ್ತಿದ್ದೆ. ಅತ್ತೆ ಮರೆತು ಬಂದವರನ್ನು ಕೇಳಿಬಿಟ್ಟರೆ ಸಿಡುಕುತ್ತಿದ್ದೆ. “ಬಂದೋರಿಗೆ ನೀರು ಕೇಳಾಕೂ ಇವಳ ಅಪ್ಪಣೆ ಆಗಬೇಕಲ್ಲಪ್ಪ” ಎಂದು ಅವರು ಮಗನ ಮುಂದೆ ಗೊಣಗಿದರೂ, ಮಾತಿಲ್ಲದೆ ತಂಬಿಗೆ ತಂದಿಡುವುದನ್ನು ಕಲಿತರು. ಊರವರು ನಮಗೆ ಸೊಕ್ಕು ಅಂದರು. ಅನ್ನಲಿ. ನನ್ನ ದಿಗಿಲೇ ಬೇರೆ: ನಾನಿಲ್ಲದ ಜಾಗದಲ್ಲಿ ಇವಳಿಗೆ ಬಾಯಾರಿದರೆ?

ಚಳಿಗಾಲದ ಹೊತ್ತಿಗೆ “ನೀರು ಬೇಕು” ಬಂತು. ಆದರೆ ನನ್ನ ಹತ್ತಿರ ಮಾತ್ರ. ಬೇರೆಯವರ ಮುಂದೆ ಬಾಯಿ ಬಿಡಳು.

ತವರಿಗೆ ಹೊರಟಾಗ ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆವು. ಕಡಲೆಕಾಯಿ ಮಾರುವ ಅಜ್ಜಿಯೊಬ್ಬಳ ಪಕ್ಕ ನೀರಿನ ತಂಬಿಗೆ ಇತ್ತು. ಮಗಳು ಹೋಗಿ ಅದರ ಮುಂದೆ ನಿಂತಳು. ನಾನೇ ಕೇಳಿ ಕೊಡಿಸೋಣವೆಂದು ಕಾಲು ತುಡಿಯಿತು. ಹಲ್ಲು ಕಚ್ಚಿಕೊಂಡು ದೂರದಲ್ಲೇ ನಿಂತೆ.

“ನೀರು ಬೇಕು” ಅಂದಳು, ಅಜ್ಜಿಯನ್ನಲ್ಲ, ತಂಬಿಗೆಯನ್ನು ನೋಡುತ್ತ.

ಅಜ್ಜಿ ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಕುಡಿದ ಮೇಲೂ ಇವಳು ಲೋಟ ಹಿಡಿದೇ ನಿಂತಳು. ಅಜ್ಜಿ ಒಳ್ಳೆಯವಳು, ಕೇಳಬಾರದ್ದನ್ನೇ ಕೇಳಿದಳು. “ಇನ್ನಾ ಬೇಕಾ?”

“ಇನ್ನಾ ಬೇಕಾ?” ಅಂದಳು ಮಗಳು.

ಅಜ್ಜಿ ನಕ್ಕಳು. “ನಂಗೆ ಬ್ಯಾಡವ್ವ, ಬ್ಯಾಡ.”

ಹೋಯಿತು, ಇಷ್ಟು ದಿನದ್ದೆಲ್ಲ ನೀರುಪಾಲಾಯಿತು ಅಂದುಕೊಂಡೆ. ಮಗಳ ಮುಖ ಕೆಂಪಾಯಿತು. ಪಕ್ಕದಲ್ಲೇ ಕಲ್ಲಿನ ಕಂಬ. ಅದಕ್ಕೂ ಅವಳ ತಲೆಗೂ ನಡುವೆ ಕೈಯಿಡಲು ಓಡಿದೆ. ನಾನು ತಲುಪುವಷ್ಟರಲ್ಲಿ ಅವಳು ಖಾಲಿ ಲೋಟವನ್ನು ಅಜ್ಜಿಯ ಮಡಿಲಿಗೆ ಒತ್ತಿದ್ದಳು.

“ಬೇಕು” ಅಂದಳು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ. “ನೀರು ಬೇಕು.”