ಮುಡಿಪು ಕಟ್ಟಿದ ಗಡ್ಡ

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಗೆ ಗುರುದೇವಿಯ ಸ್ಕೂಟರು ಬಂತೆಂದರೆ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ಹ್ಯಾಂಡಲ್ಲಿಗೆ ಕಟ್ಟಿದ ಎರಡು ಫೋನುಗಳು ಜಗಳಗಂಟಿ ನೆಗೆಣ್ಣಿಯರಂತೆ ಒಂದರ ಮೇಲೊಂದು ಕೂಗುತ್ತಿರುತ್ತವೆ. ಬಲಗಡೆಯದು ನೀಲಿ ಕಂಪನಿಯದು, ಎಡಗಡೆಯದು ಹಳದಿ ಕಂಪನಿಯದು. ಎರಡೂ ಮಂದಿಯ ಮನೆಗೆ ಊಟ ಮುಟ್ಟಿಸುವ ಆ್ಯಪುಗಳೇ. ಒಂದು ಒಲೆಯ ಮೇಲೆ ರೊಟ್ಟಿ, ಇನ್ನೊಂದರ ಮೇಲೆ ಬೇಳೆ ಇಟ್ಟು ಎರಡೂ ಸೀಯದಂತೆ ನೋಡಿಕೊಂಡು ಬೆಳೆದವಳಿಗೆ ಇದೇನು ಹೊಸ ವಿದ್ಯೆಯೆ?

ಆದರೆ ಒಂದು ಒಲೆ ಅವಳದಲ್ಲ. ನೀಲಿಯಲ್ಲಿ ಅವಳ ಹೆಸರಿದೆ. ಹಳದಿಯ ಐಡಿ ಗಂಡ ಪರಮೇಶನದು. ಯಾದಗಿರಿ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದ ಪರಮೇಶ, ಕಬ್ಬಿಣ ಹೊತ್ತು ಹೊತ್ತು ಹೆಗಲು ಕುಸಿದ ಮೇಲೆ ಈ ಗಾಡಿ ಹಿಡಿದಿದ್ದ. ದಸರೆಯ ಹೊತ್ತಿಗೆ ಉಪ್ಪಲ್ ರಸ್ತೆಯಲ್ಲಿ ಲಾರಿಯೊಂದು ಸವರಿಕೊಂಡು ಹೋಗಿ ಅವನ ಕಾಲು ಮುರಿಯಿತು. ಓಡದ ಐಡಿ ಸತ್ತೇ ಹೋಗುತ್ತದೆ. ಅದಕ್ಕೇ ಗುರುದೇವಿ ಅವನ ಹಳದಿ ಅಂಗಿ ತೊಟ್ಟು, ನೀಲಿಯ ಊಟ ಕೊಡುವಾಗ ಮೇಲೊಂದು ಓಢಣಿ ಹೊದ್ದು, ಎರಡನ್ನೂ ನಡೆಸುತ್ತಿದ್ದಳು.

ತಂಟೆ ಒಂದೇ. ಹಳದಿ ಆ್ಯಪು ದಿನಾ ಬೆಳಿಗ್ಗೆ ಪರಮೇಶನ ಮುಖ ಕೇಳುತ್ತದೆ. ಫೋನನ್ನು ಹಾಸಿಗೆಯ ಬಳಿ ಒಯ್ದು, ಅವನ ಮುಖಕ್ಕೆ ಹಿಡಿದು, ಅದು ಹೂಂ ಅಂದ ಮೇಲೆ ಹೊರಡಬೇಕು. ಬೇರೆಯವರು ಓಡಿಸುತ್ತಾರೆಂದು ಗೊತ್ತಾದರೆ ಐಡಿ ಬಂದ್. ಆ ಹೆಸರಿನವನಿಗೆ ಮತ್ತೆಂದೂ ಕಂಪನಿಯ ಬಾಗಿಲು ತೆರೆಯುವುದಿಲ್ಲ. ಕಾಲು ಕೂಡಿದ ಮೇಲೆ ಹತ್ತಲು ಪರಮೇಶನಿಗೆ ಇದ್ದದ್ದು ಅದೊಂದೇ ಕುದುರೆ.

ಆ ದಿನ ಬೆಳಿಗ್ಗೆ ಫೋನು ಅವನನ್ನು ಗುರುತು ಹಿಡಿಯಲು ಸತಾಯಿಸಿತು. ಬಾಗಿಲ ಬೆಳಕಿಗೆ ಎಳೆದು ಕೂರಿಸಿದ ಮೇಲೆಯೇ ಒಪ್ಪಿದ್ದು. ಕಾರಣ ಗಡ್ಡ. ಕಾಲು ಮುರಿದ ದಿನವೇ ಪರಮೇಶ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದ: ನಿನ್ನ ಮೆಟ್ಟಿಲು ನಡೆದು ಹತ್ತುವ ತನಕ ಮುಖಕ್ಕೆ ಕತ್ತಿ ಮುಟ್ಟಿಸುವುದಿಲ್ಲ, ಗಡ್ಡ ನಿನಗೇ. ಈಗ ಅದು ಜಾಲಿಪೊದೆಯಂತೆ ಬೆಳೆದು ಅರ್ಧ ಮುಖ ನುಂಗಿತ್ತು.

"ಇನ್ನರ ತೆಗೀರಿ ಇದನ್ನ. ಫೋನಿಗೆ ನಿಮ್ಮ ಗುರ್ತ ಹತ್ತವಲ್ದು" ಎಂದಳು ಗುರುದೇವಿ.

"ಫೋನಿಗೆ ಹತ್ತದಿದ್ರ ಹೋಗಲಿ. ಹುಲಿಗೆವ್ವಗ ಹತ್ತತೈತಿ."

"ಹುಲಿಗೆವ್ವ ಆರ್ಡರ್ ಕೊಡ್ತಾಳೇನು?"

"ಬಾಯಿ ಬಿಗಿ ಹಿಡಿ! ಆಕಿ ಮುಂದ ಆಡಿದ ಮಾತು ನುಂಗಿ, ಕಾಲು ಸೊಟ್ಟ ಕೂಡಿದ್ರ, ನೀ ಹೊತ್ಕೊಂಡು ತಿರುಗ್ತೀಯೇನು ನನ್ನ?"

"ಈಗೇನು ಮಾಡಾಕತ್ತೀನಿ ಮತ್ತ?"

ಆಡಿದ ಮೇಲೆ ಅವಳಿಗೇ ನಾಲಿಗೆ ಸುಟ್ಟಂತಾಯಿತು. ಪರಮೇಶ ಪ್ಲಾಸ್ಟರಿನ ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟುಕೊಂಡು ಗೋಡೆಯ ಕಡೆ ಹೊರಳಿದ.

ಮಧ್ಯಾಹ್ನದ ಊಟದ ಭರಾಟೆಯಲ್ಲಿ ಅವಳು ಉಪ್ಪಲ್‌ನಲ್ಲಿದ್ದಳು. ಡಬ್ಬಿಯಲ್ಲಿ ಎರಡು ಊಟ: ನೀಲಿಯದು ರಾಮಂತಾಪುರಕ್ಕೆ, ಹಳದಿಯ ಬಿರಿಯಾನಿ ಅಂಬರ್‌ಪೇಟೆಗೆ. ಎರಡೂ ಒಂದೇ ದಾರಿ. ಇಂಥ ಜೋಡಿ ಸಿಕ್ಕರೆ ಹಬ್ಬ ಎಂದುಕೊಂಡು ಗಾಡಿ ಎತ್ತುವಷ್ಟರಲ್ಲಿ ಹಳದಿ ಫೋನು ಹಿಂದೆಂದೂ ಕೇಳದ ದನಿಯಲ್ಲಿ ಕೂಗಿತು. ಅಂಬರ್‌ಪೇಟೆಯ ವಿಳಾಸ ಅಳಿಸಿಹೋಗಿ, ಅದರ ಜಾಗದಲ್ಲಿ ಖಾಲಿ ವೃತ್ತವೊಂದು ಬಂತು. ಮುಖ ತೋರಿಸು. ಮುಕ್ಕಾಲು ತಾಸಿನೊಳಗೆ ತೋರಿಸದಿದ್ದರೆ ಐಡಿ ಬಂದ್. ಕೆಳಗೆ ಕೆಂಪು ಗೆರೆಯೊಂದು ಉರಿವ ಊದುಬತ್ತಿಯಂತೆ ತುದಿಯಿಂದ ಸವೆಯತೊಡಗಿತು.

ಮುಖ ಕಾಚಿಗೂಡದಲ್ಲಿ, ಫೋನು ಉಪ್ಪಲ್‌ನಲ್ಲಿ.

ಪರಮೇಶನ ಬಳಿಯಿದ್ದ ಗುಂಡಿಯೊತ್ತುವ ಹಳೇ ಫೋನಿಗೆ ಕರೆ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಪಕ್ಕದ ಖೋಲಿಯ ಮುದುಕಿ ಸುಗಲಮ್ಮನಿಗೆ ಹಚ್ಚಿದಳು.

"ಚಿಗವ್ವ, ನಮ್ಮನಿಯವ್ರು ಏನು ಮಾಡಾಕತ್ತಾರ?"

"ಒಳಗ ಚಿಲಕಾ ಹಾಕ್ಕೊಂಡು ಮಲಗ್ಯಾನವ್ವ. ಮುಂಜಾನಿಯಿಂದ ಚಾ ಸುದ್ದಾ ಕುಡದಿಲ್ಲ. ಏನಂದಿ ಅವಗ?"

"ಅನಬಾರದ್ದು ಅಂದೀನಿ. ಬಾಗಲಾ ಬಡದು ಹೇಳು. ಫೋನು ಮುಖ ಕೇಳಾಕತ್ತೈತಂತ, ನಾ ಬರಾಕತ್ತೀನಂತ. ಈ ಗಡ್ಡದಾಗ ಅದು ಒಪ್ಪಂಗಿಲ್ಲ ಅಂತನೂ ಹೇಳು."

"ಹೇಳ್ತೀನಿ. ಕೇಳಿದ್ರ ನಿನ್ನ ಪುಣ್ಯ. ಅವನು ಹುಟ್ಟಿದ್ದು ಕಲ್ಲಬಂಡಿ ಮ್ಯಾಲೆ!"

ಗಾಡಿ ಹಾರಿತು. ರಾಮಂತಾಪುರ ಬಂದಾಗ ನಿಲ್ಲಿಸದೆ ಹೋಗಿಬಿಡಲೇ ಎನಿಸಿತು. ಆದರೆ ಗಂಡನ ಹೆಸರು ಉಳಿಸಲು ಹೋಗಿ ತನ್ನ ಹೆಸರಿಗೆ ಮಸಿ ಬಳಿದುಕೊಂಡರೆ ಇರುವ ಒಂದು ಒಲೆಯೂ ಆರುತ್ತದೆ. ಇಳಿದು, ಲಿಫ್ಟು ಕೆಟ್ಟ ಕಟ್ಟಡದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಬಾಗಿಲು ತೆರೆದ ದಪ್ಪ ಮೀಸೆಯ ಮನುಷ್ಯ ಊಟದ ಚೀಲ ನೋಡಿದ, ಅವಳ ಅಂಗಿ ನೋಡಿದ. ಆಗಲೇ ಅವಳಿಗೆ ಹೊಳೆದದ್ದು: ಅವಸರದಲ್ಲಿ ಓಢಣಿ ಗಾಡಿಯ ಮೇಲೇ ಉಳಿದಿದೆ.

"ಶರ್ಟ್ ಉನ್ಕಾ, ಖಾನಾ ಇನ್ಕಾ? ಕ್ಯಾ ಚಕ್ಕರ್ ಹೈ?" ಅಂಗಿ ಅವರದು, ಊಟ ಇವರದು, ಏನಿದು ಮಸಲತ್ತು ಎಂದು ಜೇಬಿನಿಂದ ಫೋನು ತೆಗೆದ, ಫೋಟೋ ಹೊಡೆಯುವವನಂತೆ.

"ದೋನೋ ಘರ್ ಕೀ ಬಹೂ ಹೂಂ ಸಾಬ್" ಎಂದಳು. ಎರಡೂ ಮನೆಗೆ ಸೊಸೆ ತಾನು. ಏದುಸಿರಿನ ನಡುವೆ ಅದು ಹೇಗೆ ಬಾಯಿಗೆ ಬಂತೋ.

ಆತ ಒಂದು ಕ್ಷಣ ಅವಳನ್ನೇ ನೋಡಿ ಗೊಳ್ಳೆಂದು ನಕ್ಕ. ಒಳಗೆ ತಿರುಗಿ ಹೆಂಡತಿಗೆ ತೆಲುಗಿನಲ್ಲಿ ಅದನ್ನೇ ಹೇಳಿ ಮತ್ತೆ ನಕ್ಕ. ಅವನ ನಗೆ ಮುಗಿಯುವಷ್ಟರಲ್ಲಿ ಅವಳು ಎರಡು ಅಂತಸ್ತು ಇಳಿದಾಗಿತ್ತು.

ಅಂಬರ್‌ಪೇಟೆಯಲ್ಲಿ ಬಸ್ಸುಗಳು ಅಡ್ಡಾದಿಡ್ಡಿ ನಿಂತಿದ್ದವು. ಬೆನ್ನ ಹಿಂದಿನ ಬಿರಿಯಾನಿ ಇಲ್ಲಿಯೇ ಯಾವುದೋ ಮನೆಯದು. ಉಣ್ಣುವವರ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದಾಳೋ ಏನೋ. ಯಾವ ಬಾಗಿಲೆಂದು ಹೇಳಬೇಕಾದ ಫೋನಿಗೆ ಗಂಡನ ಮುಖ ಬೇಕು. ಕೆಂಪು ಗೆರೆ ಬೆರಳುದ್ದವಿದ್ದದ್ದು ಉಗುರಿನಷ್ಟಾಗಿತ್ತು. ಪರಮೇಶ ಬಾಗಿಲು ತೆಗೆಯದಿದ್ದರೆ? ತೆಗೆದರೂ ಆ ಗಡ್ಡದಲ್ಲಿ ಫೋನು ಒಪ್ಪದಿದ್ದರೆ? ಹುಲಿಗೆವ್ವ, ನಿನ್ನ ಮೇಲೆ ಮಾತಾಡಿದ್ದು ನಾನು, ಅವರಿಗೇಕೆ ಈ ಶಿಕ್ಷೆ ಎಂದು ಬೇಡುತ್ತಾ ಫುಟ್‌ಪಾತಿನ ಮೇಲೆ ಗಾಡಿ ಹತ್ತಿಸಿದಳು.

ಗಲ್ಲಿಗೆ ತಿರುಗಿದಾಗ ಕಂಡದ್ದು ಅವಳು ಎಣಿಸಿದ್ದಾವುದೂ ಅಲ್ಲ. ಬಾಗಿಲ ಹೊರಗೆ ಕುರ್ಚಿ. ಬೋರಲು ಹಾಕಿದ ಬಕೀಟಿನ ಮೇಲೆ ಪ್ಲಾಸ್ಟರಿನ ಕಾಲು. ಪರಮೇಶನ ಮುಖ ಅರ್ಧ ಬೋಳು, ಅರ್ಧ ಕಾಡು. ಕಟಿಂಗ್ ಅಂಗಡಿಯ ಸತೀಶ ಕತ್ತಿ ಹಿಡಿದು ಬಗ್ಗಿದ್ದಾನೆ. ಸುಗಲಮ್ಮ ಸೆರಗೊಡ್ಡಿ, ಬೀಳುವ ಒಂದೊಂದು ಕೂದಲನ್ನೂ ಹಿಡಿಯುತ್ತಿದ್ದಾಳೆ.

"ಲಗೂನ ಮಾಡೋ ತಮ್ಮಾ!" ಎಂದು ಗುರುದೇವಿ ಕೂಗಿದಳು.

"ಅಕ್ಕಾ, ಲಗೂ ಮಾಡಿದ್ರ ಮೂಗು ಹೋಕ್ಕೈತಿ. ಆಮ್ಯಾಲೆ ಫೋನು ಮೂಗು ಕೇಳತೈತಿ."

ಗೆರೆ ಉಗುರಿನ ಬಿಳಿಯಷ್ಟಾಯಿತು. ಕತ್ತಿ ಎತ್ತಿದ ಕೂಡಲೇ ಫೋನು ಹಿಡಿದಳು. ಮುಖ ಹೊಂದುತ್ತಿಲ್ಲ ಎಂದಿತು.

"ನೊರಿ ಐತೆ ಇನ್ನೂ, ಮಬ್ಬು ಹುಡುಗಿ!" ಎಂದು ಸುಗಲಮ್ಮ ಸೆರಗಿನ ಇನ್ನೊಂದು ತುದಿಯಿಂದ ಪರಮೇಶನ ಗದ್ದ, ಕಿವಿ, ಕಣ್ಣು ಎಲ್ಲವನ್ನೂ ಕೂಸಿಗೆ ಒರೆಸಿದಂತೆ ಒರೆಸಿದಳು. ಗುರುದೇವಿ ಮತ್ತೆ ಫೋನು ಹಿಡಿದಳು. ವೃತ್ತ ತಿರುಗಿತು, ತಿರುಗಿತು, ಹಸಿರಾಯಿತು. ಅಂಬರ್‌ಪೇಟೆಯ ವಿಳಾಸ ತಾನಾಗಿಯೇ ಮರಳಿ ಬಂತು.

ಗುರುದೇವಿ ಅಲ್ಲಿಯೇ ಕುಕ್ಕರಿಸಿದಳು. "ಹರಕಿ ಮುರಿಸಿಬಿಟ್ನಲ್ರಿ ನಾ."

"ಯಾರಂದ್ರು ಮುರೀತಂತ?" ಎಂದಳು ಸುಗಲಮ್ಮ. ಸೆರಗಿನ ಕೂದಲನ್ನೆಲ್ಲ ಅರಿಶಿಣ ಹಚ್ಚಿದ ಬಟ್ಟೆಗೆ ಸುರಿದು ಗಂಟು ಬಿಗಿದಳು. "ಮುಡಿಪು ಕಟ್ಟೇನಿ. ದೇವರ ಸೊತ್ತು, ನೆಲಕ್ಕ ಬಿದ್ದಿಲ್ಲ. ಕಾಲು ಕೂಡಿದ ದಿನ ಒಯ್ದು ಹೊಳಿಗೆ ಬಿಡ್ರಿ. ಈ ಮಾತು ಹೇಳೂತನಕ ಬಾಗಲಾನ ತಗೀಲಿಲ್ಲ ನಿನ್ನ ಗಂಡ."

ಪರಮೇಶ ಬೋಳು ಗದ್ದ ಸವರಿಕೊಂಡ. ಅಲ್ಲೊಂದು ಕಡೆ ಕೊಯ್ದು ರಕ್ತ ಜಿನುಗುತ್ತಿತ್ತು. ಮುಡಿಪನ್ನು ಇಸಿದುಕೊಂಡು, ಕುರ್ಚಿಯಿಂದಲೇ ಬಾಗಿ, ಸ್ಕೂಟರಿನ ಹ್ಯಾಂಡಲ್ಲಿಗೆ ಎರಡು ಫೋನುಗಳ ನಡುವೆ ಕಟ್ಟಿದ.

"ನನ್ನ ಹೊತ್ಕೊಂಡು ತಿರುಗಾಕತ್ತೀಯಲ್ಲ, ಇದನ್ನೂ ಹೊರು" ಎಂದ. ಮಾತಿನಲ್ಲಿ ಮುಳ್ಳು ಪೂರ್ತಿ ಹೋಗಿರಲಿಲ್ಲ. ಆದರೂ ಗಂಟನ್ನು ಎಳೆದು ನೋಡಿ, ಇನ್ನೊಂದು ಸುತ್ತು ಬಿಗಿದ. "ಹೋಗು. ಬಿರಿಯಾನಿ ಆರಾಕತ್ತೈತಿ. ಓಢಣಿ ಹೊದ್ಕೋ ಮೊದಲ."

"ಇದು ಹಳದಿ ಊಟರಿ. ಓಢಣಿ ಬ್ಯಾಡ."

"ಹೌದಲ್ಲ, ನಂದ" ಎಂದ ಪರಮೇಶ.

ಗುರುದೇವಿ ಗಾಡಿ ತಿರುಗಿಸಿದಳು. ನೀಲಿ ಫೋನು ಅಷ್ಟರಲ್ಲೇ ಇನ್ನೊಂದು ಊಟಕ್ಕೆ ಕೂಗುತ್ತಿತ್ತು. ಇದೊಂದು ಸಲ ಅದನ್ನು ಕೂಗಲು ಬಿಟ್ಟಳು.